‘ಎಫ್‌ಎಫ್’ ಅಂದ್ರೆ ಯಾವ ಎಫ್‌ಎಫ್? ಆಟಗಾರರ ಮಾತಿಗೆ ನಿಮ್ಮದೇ ಹುಡುಕು ಶೀಟ್ ಮಾಡಿಕೊಳ್ಳಿ

ಐದೈದು ಜನರ ಎರಡು ತಂಡ ಆಡುವ ಆಟ. ಶುರುವಾಗಿ 14 ನಿಮಿಷ ಆಗಿತ್ತು. ನಮ್ಮ ತಂಡದ ಒಬ್ಬರು ಚಾಟ್‌ನಲ್ಲಿ ‘ಎಫ್‌ಎಫ್ 15’ ಅಂತ ಹಾಕಿದರು. ನಾನು ಆಗಷ್ಟೇ ಗುಂಡು ಹಾರಿಸುವ ಆಟಗಳಿಂದ ಈ ಕಡೆ ಬಂದಿದ್ದೆ. ಅಲ್ಲಿ ಎಫ್‌ಎಫ್ ಅಂದರೆ ಫ್ರೆಂಡ್ಲಿ ಫೈರ್, ನಮ್ಮವರ ಏಟು ನಮ್ಮವರಿಗೇ ಬೀಳುವುದು. ನನ್ನಿಂದ ಯಾರಿಗೋ ಪೆಟ್ಟಾಯಿತು ಅಂದುಕೊಂಡು ‘ಸಾರಿ’ ಅಂತ ಬರೆದೆ. ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಒಂದು ಪ್ರಶ್ನೆ ಬಂತು: ಸೋಲೊಪ್ಪಿಕೊಳ್ಳೋಣವೇ? ಹೌದು, ಇಲ್ಲ. ಇಲ್ಲಿ ಎಫ್‌ಎಫ್ ಅಂದರೆ ಫೋರ್‌ಫಿಟ್, ಆಟ ಬಿಟ್ಟುಕೊಡೋಣ ಅನ್ನುವ ಮಾತು. 15 ಅನ್ನುವುದು ನಿಮಿಷ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಅಷ್ಟು ಹೊತ್ತಾದ ಮೇಲೆ ಸೋಲೊಪ್ಪುವ ವೋಟ್ ಹಾಕಬಹುದು.

ಆಮೇಲೆ ಹುಡುಕಿ ನೋಡಿದರೆ ಇನ್ನೂ ಎರಡು ಅರ್ಥ ಸಿಕ್ಕವು. ಫ್ರೀ ಫೈರ್ ಆಡುವವರಿಗೆ ಎಫ್‌ಎಫ್ ಅಂದರೆ ಆ ಆಟವೇ. ಫೈನಲ್ ಫ್ಯಾಂಟಸಿ ಆಡುವವರಿಗೆ ಅವರ ಆಟ. ಒಂದೇ ಎರಡು ಅಕ್ಷರ, ನಾಲ್ಕು ಅರ್ಥ. ನಾಲ್ಕೂ ಸರಿ.

ಈ ಪದಗಳನ್ನು ಒಂಟಿಯಾಗಿ ಹುಡುಕಿದರೆ ದಾರಿ ತಪ್ಪುತ್ತದೆ ಅಂತ ಅವತ್ತೇ ನನಗೆ ಗೊತ್ತಾಯಿತು. ಯಾವ ಆಟ, ಯಾವ ಹೊತ್ತು, ಹೇಳಿದವರು ಯಾರು, ಈ ಮೂರನ್ನೂ ಜೊತೆಗಿಟ್ಟುಕೊಂಡು ಹುಡುಕಬೇಕು. ಅದಕ್ಕೆ ನಾನು ಒಂದು ಸಣ್ಣ ಶೀಟ್ ಮಾಡಿಕೊಂಡಿದ್ದೇನೆ. ಪದ ಟೈಪ್ ಮಾಡಿದರೆ ಅರ್ಥ ಎದುರಿಗೆ ಬರುತ್ತದೆ. ನೀವೂ ಒಂದು ಸಂಜೆಯಲ್ಲಿ ಮಾಡಿಕೊಳ್ಳಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಪದ ಬೇಡ, ಸಾಲು ಹಿಡಿಯಿರಿ

ಗೊತ್ತಿಲ್ಲದ ಪದ ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆಟ ನಿಲ್ಲಿಸಿ ಹುಡುಕಲು ಹೋಗಬೇಡಿ. ಮ್ಯಾಚ್ ಮುಗಿದ ಮೇಲೆ ನಾಲ್ಕು ಸಂಗತಿ ಬರೆದುಕೊಳ್ಳಿ: ಪೂರ್ತಿ ಸಾಲು, ಆಟದ ಹೆಸರು, ಆಗ ಏನು ನಡೆಯುತ್ತಿತ್ತು, ಹೇಳಿದವರು ನಮ್ಮವರೋ ಎದುರು ತಂಡದವರೋ.

ಇಷ್ಟೆಲ್ಲಾ ಯಾಕೆ ಅಂದ್ರೆ, ‘ಏಸ್’ ಅನ್ನುವ ಪದ ನೋಡಿ. ವ್ಯಾಲರಂಟ್‌ನಲ್ಲಿ ಒಬ್ಬನೇ ಆಟಗಾರ ಎದುರಿನ ಐವರನ್ನೂ ಹೊಡೆದರೆ ಏಸ್. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಎದುರು ತಂಡದ ಎಲ್ಲರೂ ಒಂದೇ ಹೊತ್ತಿಗೆ ಸತ್ತಿದ್ದರೆ ಸಾಕು, ಯಾರು ಹೊಡೆದರು ಅನ್ನುವುದು ಲೆಕ್ಕಕ್ಕಿಲ್ಲ. ಆಟದ ಹೆಸರು ಬರೆದುಕೊಳ್ಳದಿದ್ದರೆ ಎರಡರಲ್ಲಿ ಯಾವುದು ಅಂತ ಆಮೇಲೆ ಹೇಳಲು ಬರುವುದಿಲ್ಲ. ‘ಪಿಂಗ್’ ಒಂದೇ ಆಟದೊಳಗೆ ಎರಡು ಅರ್ಥ ಕೊಡುತ್ತದೆ. ‘ನನ್ನ ಪಿಂಗ್ ಜಾಸ್ತಿ’ ಅಂದರೆ ನೆಟ್ ತಡವಾಗುತ್ತಿದೆ ಅಂತ. ‘ಪಿಂಗ್ ಮಾಡು’ ಅಂದರೆ ಮ್ಯಾಪ್ ಮೇಲೆ ಗುರುತು ಹಾಕು ಅಂತ. ಇಲ್ಲಿ ಆಟದ ಹೆಸರು ಗೊತ್ತಿದ್ದರೂ ಸಾಲದು, ಪೂರ್ತಿ ಸಾಲೇ ಬೇಕು.

ವಾಯ್ಸ್ ಚಾಟ್‌ನಲ್ಲಿ ಕೇಳಿದ್ದಾದರೆ ಕಿವಿಗೆ ಬಿದ್ದ ಹಾಗೇ ಕನ್ನಡದಲ್ಲಿ ಬರೆದುಕೊಳ್ಳಿ. ನನ್ನ ಅಕ್ಕನ ಮಗ ಕೌಂಟರ್ ಸ್ಟ್ರೈಕ್ ಹೊಸದಾಗಿ ಆಡುತ್ತಿದ್ದಾಗ ಒಂದು ದಿನ ಬಂದು, ‘ಮಾಮಾ, ನನ್ನ ಮೈಕ್‌ನಲ್ಲಿ ಎಕೋ ಹೊಡೀತಿದೆಯಂತೆ, ಎಲ್ರೂ ಎಕೋ ಎಕೋ ಅಂತಿದ್ದಾರೆ’ ಅಂದ. ಪಾಪ, ಮೈಕ್ ಆಫ್ ಮಾಡಿ, ಇದ್ದ ದುಡ್ಡಿಗೆಲ್ಲಾ ರೈಫಲ್ ಕೊಂಡು ಆಡುತ್ತಿದ್ದ. ಅವರು ಹೇಳುತ್ತಿದ್ದ ಎಕೋ ಅಂದರೆ ಎಕಾನಮಿ. ಈ ರೌಂಡ್‌ನಲ್ಲಿ ಯಾರೂ ದುಡ್ಡು ಖರ್ಚು ಮಾಡಬೇಡಿ, ಉಳಿಸಿಕೊಂಡು ಮುಂದಿನ ರೌಂಡ್‌ನಲ್ಲಿ ಎಲ್ಲರೂ ಒಟ್ಟಿಗೆ ಒಳ್ಳೆಯ ಗನ್ ಕೊಳ್ಳೋಣ ಅಂತ. ಅವನು ‘ರೌಂಡ್ ಶುರುವಿನಲ್ಲಿ, ಕೊಳ್ಳುವ ಹೊತ್ತಿಗೆ ಹೇಳಿದರು’ ಅಂದ ಮೇಲೆ ನನಗೆ ಅರ್ಥ ಹೊಳೆಯಿತು. ಆ ಒಂದು ಸಂಗತಿ ಇಲ್ಲದಿದ್ದರೆ ನಾನೂ ಮೈಕ್‌ನ ಸೆಟ್ಟಿಂಗ್ಸ್ ನೋಡುತ್ತಿದ್ದೆ.

ಹೆಜ್ಜೆ 2: ಯಾವ ಬಗೆಯ ಪದ ಅಂತ ಊಹಿಸಿ

ಇದಕ್ಕೆ ಹತ್ತು ಸೆಕೆಂಡ್ ಸಾಕು. ಎರಡು ಮೂರು ಅಕ್ಷರವಷ್ಟೇ ಇದ್ದರೆ ಸಾಮಾನ್ಯವಾಗಿ ಅದು ಕಿರಿದು ಮಾಡಿದ ಪದ. ಎಎಫ್‌ಕೆ ಅಂದರೆ ಕೀಬೋರ್ಡ್ ಬಿಟ್ಟು ಎದ್ದು ಹೋಗಿದ್ದಾರೆ. ಓಓಎಂ ಅಂದರೆ ಮಾನಾ, ಅಂದರೆ ಮಂತ್ರ ಹಾಕಲು ಬೇಕಾದ ಶಕ್ತಿ, ಖಾಲಿ. ಎಲ್‌ಎಫ್‌ಜಿ ಅಂದರೆ ಆಡಲು ಗುಂಪು ಬೇಕಾಗಿದೆ.

ನಡುವೆ ಅಂಕಿಗಳಿದ್ದರೆ ಅಂಕಿಯನ್ನೇ ಅಕ್ಷರ ಅಂತ ಓದಿ ನೋಡಿ. ಸೊನ್ನೆ ‘ಓ’ ಆಗುತ್ತದೆ, 3 ‘ಇ’ ಆಗುತ್ತದೆ, 7 ‘ಟಿ’ ಆಗುತ್ತದೆ. ಬರೀ 1337 ಅಂತಿದ್ದರೆ ಅದು ‘ಲೀಟ್’, ಎಲೀಟ್ ಅನ್ನುವುದರ ತುಂಡು. ಖುಷಿಯಲ್ಲಿ ಕೂಗುವ ‘ವೂಟ್’ ಅನ್ನು ಎರಡು ಸೊನ್ನೆ ಹಾಕಿ ಬರೆಯುತ್ತಿದ್ದರು. ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2007ರಲ್ಲಿ ಅದೇ ಸೊನ್ನೆಗಳ ರೂಪವನ್ನು ವರ್ಷದ ಪದ ಅಂತ ಆರಿಸಿದರು. ಆಟಗಾರರ ಮಾತನ್ನು ಮಕ್ಕಳ ಗೀಚಾಟ ಅಂತ ತಳ್ಳಿಹಾಕುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಮಾಮೂಲಿ ಇಂಗ್ಲಿಷ್ ಪದವೇ ಆಗಿದ್ದು ಅರ್ಥ ಮಾತ್ರ ಕೂಡದಿದ್ದರೆ ಹೆಚ್ಚು ಎಚ್ಚರ ಬೇಕು. ಕ್ಯಾರಿ, ಫೀಡ್, ಫಾರ್ಮ್, ಟ್ಯಾಂಕ್, ಟಿಲ್ಟ್, ಕ್ಲಚ್ ಇವೆಲ್ಲಾ ಹೀಗೆ. ಸಾಮಾನ್ಯ ನಿಘಂಟಿನಲ್ಲಿ ನೋಡಿ, ಸಿಕ್ಕಿತು ಅಂದುಕೊಂಡು ಮುಚ್ಚಿಬಿಡುತ್ತೇವೆ, ಅಲ್ವಾ? ‘ಡೋಂಟ್ ಫೀಡ್’ ಅನ್ನುವ ಮಾತಿಗೂ ಊಟಕ್ಕೂ ಸಂಬಂಧವಿಲ್ಲ. ನೀನು ಪದೇ ಪದೇ ಸತ್ತರೆ ಎದುರಾಳಿಗೆ ದುಡ್ಡು, ಬಲ ಎರಡೂ ಸಿಗುತ್ತದೆ, ಹಾಗೆ ಕೊಡಬೇಡ ಅಂತ.

ಹೆಜ್ಜೆ 3: ಎಲ್ಲಿ ಹುಡುಕಬೇಕು, ಯಾವ ಕ್ರಮದಲ್ಲಿ

ಮೊದಲು ಆ ಆಟದ್ದೇ ವಿಕಿಗೆ ಹೋಗಿ. ಹೆಸರುವಾಸಿ ಆಟಗಳಿಗೆಲ್ಲಾ ಆಟಗಾರರೇ ಬರೆದ ವಿಕಿ ಇರುತ್ತದೆ, ಹಲವುದರಲ್ಲಿ ಪದಪಟ್ಟಿಯ ಪುಟವೂ ಇರುತ್ತದೆ. ಟೂರ್ನಮೆಂಟ್ ನೋಡುವಾಗ ಕಿವಿಗೆ ಬಿದ್ದ ಪದವಾದರೆ ಲಿಕ್ವಿಪೀಡಿಯಾ ಅನ್ನುವ ಇ-ಸ್ಪೋರ್ಟ್ಸ್ ವಿಕಿ ಒಳ್ಳೆಯದು. ಸ್ಟ್ರೀಟ್ ಫೈಟರ್, ಟೆಕ್ಕನ್ ತರಹದ ಹೊಡೆದಾಟದ ಆಟವಾದರೆ ‘ದಿ ಫೈಟಿಂಗ್ ಗೇಮ್ ಗ್ಲಾಸರಿ’ ಅಂತ ಒಂದು ತಾಣವಿದೆ. ನಾನು ನೋಡಿದ ಪದಹುಡುಕು ಸಾಧನಗಳಲ್ಲೆಲ್ಲಾ ಅದೇ ಮೇಲು. ಮೇಲಿನ ಪೆಟ್ಟಿಗೆಯಲ್ಲಿ ಟೈಪ್ ಮಾಡುತ್ತಿದ್ದಂತೆ ಪದಗಳು ಸೋಸಿ ಬರುತ್ತವೆ. ಎಷ್ಟೋ ಪದಗಳ ಜೊತೆ ಚಿಕ್ಕ ವಿಡಿಯೋ ಇರುತ್ತದೆ. ಹೊಡೆತ ಹೇಗೆ ಬೀಳುತ್ತದೆ ಅಂತ ನೋಡಿದರೆ ಅರ್ಧ ಪುಟದ ವಿವರಣೆಯೇ ಬೇಡ. ನಿಮ್ಮ ಶೀಟ್ ಮಾಡುವ ಮುಂಚೆ ಅದನ್ನೊಮ್ಮೆ ನೋಡಿ.

ಎಲ್ಲಾ ಆಟಗಳಲ್ಲೂ ಓಡಾಡುವ ಪದವಾದರೆ ವಿಕ್ಷನರಿ, ಮತ್ತೆ ವಿಕಿಪೀಡಿಯಾದ ವಿಡಿಯೋ ಗೇಮ್ ಪದಗಳ ಪಟ್ಟಿ. ಎಲ್ಲೂ ಸಿಗದಿದ್ದರೆ ಕೊನೆಗೆ ಅರ್ಬನ್ ಡಿಕ್ಷನರಿ. 1999ರಿಂದ ಇರುವ ತಾಣ ಅದು, ಯಾರು ಬೇಕಾದರೂ ಅರ್ಥ ಹಾಕಬಹುದು. ಹಾಗಾಗಿ ಮೊದಲು ಕಂಡಿದ್ದನ್ನು ನಂಬಬೇಡಿ. ಬೇರೆ ಬೇರೆಯವರು ಬರೆದ ಎರಡು ಮೂರು ಅರ್ಥ ಒಂದಕ್ಕೊಂದು ತಾಳೆಯಾದರೆ ಮಾತ್ರ ತೆಗೆದುಕೊಳ್ಳಿ. ಅಲ್ಲಿ ಹೊಲಸು ಮಾತೂ ಸಾಕಷ್ಟಿದೆ. ಚಿಕ್ಕ ಮಕ್ಕಳಿಗೆ ನೀವೇ ನೋಡಿ ಹೇಳಿ.

ಸರ್ಚ್ ಎಂಜಿನ್‌ನಲ್ಲಿ ಹುಡುಕುವಾಗ ಆಟದ ಹೆಸರು ಮೊದಲು, ಪದ ಆಮೇಲೆ. ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಇಲ್ಲದಿದ್ದರೆ ನಿಮ್ಮ ‘ಗ್ಯಾಂಕ್’ (ಹಠಾತ್ತಾಗಿ ಮೇಲೆ ಬೀಳುವುದು) ಅನ್ನು ಅದೇ ತಿದ್ದಿ ಬೇರೆ ಏನನ್ನೋ ತೋರಿಸಬಹುದು. ಚಾಟ್‌ಬಾಟ್ ಕೇಳುವುದಾದರೂ ಹೀಗೇ, ಪೂರ್ತಿ ಸಾಲು ಮತ್ತು ಆಟದ ಹೆಸರು ಕೊಟ್ಟು ಕೇಳಿ. ಅದು ಗೊತ್ತಿಲ್ಲದ್ದನ್ನೂ ಧೈರ್ಯವಾಗಿ ಹೇಳುತ್ತದೆ, ಆದ್ದರಿಂದ ಮುಂದಿನ ಹೆಜ್ಜೆ ಬಿಡಬೇಡಿ.

ಇನ್ನೊಂದು ಮುಖ್ಯ ಮಾತು. ಪದದ ಅರ್ಥ ತೋರಿಸುವ ಯಾವ ತಾಣಕ್ಕೂ ನಿಮ್ಮ ಆಟದ ಅಕೌಂಟ್ ಬೇಕಾಗಿಲ್ಲ. ಲಾಗಿನ್ ಆಗಿ, ಪಾಸ್‌ವರ್ಡ್ ಕೊಡಿ, ಫ್ರೀ ಸ್ಕಿನ್ ತಗೊಳ್ಳಿ ಅಂದರೆ ತಕ್ಷಣ ಮುಚ್ಚಿ.

ಹೆಜ್ಜೆ 4: ಸಿಕ್ಕ ಅರ್ಥವನ್ನು ಸಾಲಿನಲ್ಲಿ ಕೂರಿಸಿ

ಬರೆದುಕೊಂಡ ಸಾಲಿನಲ್ಲಿ ಪದ ತೆಗೆದು ಅರ್ಥ ಇಡಿ. ಅದು ಕೂಡಬೇಕು, ಆ ಹೊತ್ತಿಗೂ ಒಪ್ಪಬೇಕು. ‘ಮಿಡ್ ಎಸ್‌ಎಸ್’ ಅಂತ ಬಂತು ಅಂದುಕೊಳ್ಳಿ. ಎಸ್‌ಎಸ್ ಅಂದರೆ ಸ್ಕ್ರೀನ್‌ಶಾಟ್ ಅಂತ ಎಲ್ಲೋ ಕಂಡಿರಿ. ನಡುದಾರಿಯ ಸ್ಕ್ರೀನ್‌ಶಾಟ್ ಅಂತ ಆಟದ ಮಧ್ಯೆ ಯಾರಾದರೂ ಯಾಕೆ ಹೇಳುತ್ತಾರೆ? ಕೂಡುವುದಿಲ್ಲ. ನಡುದಾರಿಯ ಎದುರಾಳಿ ಕಾಣೆಯಾಗಿದ್ದಾನೆ, ನಿಮ್ಮ ಕಡೆ ಬರಬಹುದು ಅನ್ನುವ ಅರ್ಥ ಇಟ್ಟರೆ ಕೂಡುತ್ತದೆ. ಸ್ಕ್ರೀನ್‌ಶಾಟ್‌ನ ಮಿನಿ ಮ್ಯಾಪ್‌ನಲ್ಲೂ ಆ ಎದುರಾಳಿ ಕಾಣುತ್ತಿಲ್ಲ ಅಂದರೆ ಮುಗಿಯಿತು, ಅದೇ ಅರ್ಥ.

ಧಾಟಿಯನ್ನೂ ಇಲ್ಲೇ ನೋಡಬೇಕು. ‘ಜಿಜಿ’ ಅಂದರೆ ಗುಡ್ ಗೇಮ್, ಚೆನ್ನಾಗಿ ಆಡಿದಿರಿ ಅನ್ನುವ ಸೌಜನ್ಯ. ಆದರೆ ಸ್ಟಾರ್‌ಕ್ರಾಫ್ಟ್‌ನಲ್ಲಿ ಸೋಲುವವರು ಅದನ್ನು ಮೊದಲು ಹೇಳುವುದು ರೂಢಿ, ಸೋಲೊಪ್ಪಿದೆ ಅಂತ. ಗೆಲ್ಲುತ್ತಿರುವವರು ಮೊದಲೇ ಹೇಳಿದರೆ ಅದು ಅವಮಾನ. ‘ಜಿಜಿ ಈಝೀ’ ಅಂದರಂತೂ ನೀವು ಏನೂ ಅಲ್ಲ ಅಂತ ಚುಚ್ಚುವುದು. ಓವರ್‌ವಾಚ್ ಮಾಡಿದವರು ಈ ಚುಚ್ಚುಮಾತಿಗೆ ಒಂದು ಉಪಾಯ ಮಾಡಿದರು. ಯಾರಾದರೂ ಹಾಗೆ ಟೈಪ್ ಮಾಡಿದರೆ ಆಟವೇ ಅದನ್ನು ಬದಲಾಯಿಸಿ, ನನ್ನ ಮಲಗುವ ಹೊತ್ತು ಮೀರಿದೆ, ಅಮ್ಮನಿಗೆ ಹೇಳಬೇಡಿ ಅನ್ನುವಂಥ ಮಾತು ಹಾಕುತ್ತದೆ. ಇದು ಗೊತ್ತಿಲ್ಲದೆ ಆ ಸಾಲಿನ ಅರ್ಥ ಹುಡುಕುತ್ತಾ ಕೂತರೆ ಎಷ್ಟು ಹೊತ್ತಾದರೂ ಸಿಗುವುದಿಲ್ಲ.

ಹೆಜ್ಜೆ 5: ಶೀಟ್ ಹಾಕಿ

ಮೂವತ್ತು ಪದದವರೆಗೆ ಫೋನಿನ ನೋಟ್ಸ್ ಆ್ಯಪ್ ಸಾಕು. ಅದಕ್ಕಿಂತ ಜಾಸ್ತಿ ಆಗುತ್ತದೆ ಅಂತಿದ್ದರೆ ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ತೆಗೆಯಿರಿ. ಏಳು ಕಾಲಂ ಮಾಡಿ: ಪದ, ಬೇರೆ ರೂಪಗಳು, ಆಟ, ಅರ್ಥ, ಧಾಟಿ, ನಾನೇನು ಮಾಡಬೇಕು, ನೋಡಿದ ತಾರೀಕು.

ಪದವನ್ನು ಚಾಟ್‌ನಲ್ಲಿ ಕಂಡ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ‘ಬೇರೆ ರೂಪಗಳು’ ಕಾಲಂನಲ್ಲಿ ಅದರ ಪೂರ್ತಿ ರೂಪ, ತಪ್ಪು ಕಾಗುಣಿತ, ಕನ್ನಡದಲ್ಲಿ ಕೇಳಿಸುವ ರೀತಿ ಎಲ್ಲವನ್ನೂ ಸೇರಿಸಿ. ‘ಇಂಟಿಂಗ್’ ಅಂದರೆ ಬೇಕಂತಲೇ ಸಾಯುವುದು. ನನಗೆ ಅದು ಮೊದಲ ಸಲ ‘ಹಂಟಿಂಗ್’ ಅಂತ ಕೇಳಿಸಿತ್ತು. ಈಗ ಎರಡೂ ಅಲ್ಲಿವೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇಲ್ಲೊಂದು ತೊಡಕಿದೆ. ‘ಕೂಲ್‌ಡೌನ್’ (ಒಂದು ಶಕ್ತಿಯನ್ನು ಮತ್ತೆ ಬಳಸಲು ಕಾಯಬೇಕಾದ ಹೊತ್ತು) ಅಂತ ಬಿಡಿಸಿ ಬರೆದಾಗ ಲ್ ಮತ್ತು ಡೌ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಒತ್ತಕ್ಷರ ಆಗದಂತೆ ತಡೆಯುವುದು ಅದರ ಕೆಲಸ. ‘ಕೂಲ್ಡೌನ್’ ಅಂತ ಬರೆದರೆ ಅದು ಇರುವುದಿಲ್ಲ. ನಮ್ಮ ಕಣ್ಣಿಗೆ ಎರಡೂ ಒಂದೇ ಪದ. ಶೀಟ್‌ಗೆ ಎರಡು ಬೇರೆ ಪದ. ಒಂದನ್ನು ಹಾಕಿಟ್ಟು ಇನ್ನೊಂದನ್ನು ಹುಡುಕಿದರೆ ಖಾಲಿ ಬರುತ್ತದೆ. ‘ಎಎಫ್‌ಕೆ’, ‘ಎಎಫ್ಕೆ’ ಕೂಡ ಹಾಗೇ. ಎರಡೂ ರೂಪ ಹಾಕಿಬಿಡಿ, ತಲೆನೋವಿಲ್ಲ.

ಪದ ಹಾಕುವ ಮುಂಚೆ ಆ ಕಾಲಂ ಪೂರ್ತಿ ಆರಿಸಿ, ಫಾರ್ಮ್ಯಾಟ್ ಅನ್ನು ಬರೀ ಟೆಕ್ಸ್ಟ್ ಅಂತ ಮಾಡಿ. ಹೊಡೆದಾಟದ ಆಟಗಳಲ್ಲಿ ‘7-3’ ಅಂತ ಹೇಳುತ್ತಾರೆ. ಇಬ್ಬರೂ ಸಮಾನ ಆಟಗಾರರಾದರೆ ಹತ್ತರಲ್ಲಿ ಏಳು ಸಲ ಈ ಪಾತ್ರ ಗೆಲ್ಲುತ್ತದೆ ಅಂತ ಅರ್ಥ. ನಾನು ಅದನ್ನು ಹಾಗೇ ಟೈಪ್ ಮಾಡಿದೆ, ಶೀಟ್ ಅದನ್ನು ತಾರೀಕು ಅಂದುಕೊಂಡು ಬದಲಾಯಿಸಿತು. ಕೂಡಿಸುವ ಚಿಹ್ನೆ, ಸಮ ಚಿಹ್ನೆಯಿಂದ ಶುರುವಾಗುವುದನ್ನು ಲೆಕ್ಕದ ಸೂತ್ರ ಅಂತ ತಿಳಿಯುತ್ತದೆ. ಮೊದಲೇ ಟೆಕ್ಸ್ಟ್ ಮಾಡಿಟ್ಟರೆ ಇದ್ಯಾವುದೂ ಇಲ್ಲ.

ಆರನೇ ಕಾಲಂ, ‘ನಾನೇನು ಮಾಡಬೇಕು’ ಅನ್ನುವುದು, ಶೀಟ್‌ನ ಜೀವ. ನಾನು ನೋಡಿದ ಪದಪಟ್ಟಿಗಳಲ್ಲಿ ಇದು ಇರಲೇ ಇಲ್ಲ. ಎಸ್‌ಎಸ್ ಮುಂದೆ ‘ಹಿಂದೆ ಸರಿ, ಟವರ್ ಹತ್ತಿರ ನಿಲ್ಲು’ ಅಂತ ಬರೆಯಿರಿ. ಓಓಎಂ ಮುಂದೆ ‘ಹೀಲರ್ ಹೇಳಿದ್ದಾದರೆ ಹೊಸ ಜಗಳ ಶುರು ಮಾಡಬೇಡ’. ಎಕೋ ಮುಂದೆ ‘ಏನೂ ಕೊಳ್ಳಬೇಡ’. ಆಟದ ಮಧ್ಯೆ ಓದಲು ಸಿಗುವುದು ಎರಡು ಸೆಕೆಂಡ್. ಆಗ ಅರ್ಥಕ್ಕಿಂತ ಈ ಸಾಲೇ ಕೈಹಿಡಿಯುತ್ತದೆ.

ಧಾಟಿಗೆ ನಾಲ್ಕೇ ಪದ ಇಟ್ಟುಕೊಳ್ಳಿ: ಮಾಹಿತಿ, ಸೌಜನ್ಯ, ಚುಚ್ಚು, ಬೈಗುಳ. ಬೈಗುಳ ಅಂತ ಗುರುತು ಹಾಕಿದ ಪದದ ಮುಂದೆ ‘ಮ್ಯೂಟ್ ಮಾಡು, ರಿಪೋರ್ಟ್ ಮಾಡು, ನೀನು ಬಳಸಬೇಡ’ ಅಂತ ಬರೆಯಿರಿ. ಮಕ್ಕಳು ಅರ್ಥ ಗೊತ್ತಿಲ್ಲದೆ ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ. ಅರ್ಥ ಗೊತ್ತಾದರೆ ಎಷ್ಟೋ ಮಕ್ಕಳು ತಾವೇ ಬಿಡುತ್ತಾರೆ, ಇದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ಹೆಜ್ಜೆ 6: ಹುಡುಕುವ ಸೆಲ್

ಎಲ್ಲರೂ ಮೊದಲು ಕೈ ಹಾಕುವುದು ವಿಲುಕಪ್ (VLOOKUP) ಫಂಕ್ಷನ್‌ಗೆ. ಈ ಕೆಲಸಕ್ಕೆ ಅದು ಬೇಡ. ಅದು ಮೊದಲು ಸಿಕ್ಕ ಒಂದೇ ಸಾಲು ಕೊಟ್ಟು ನಿಲ್ಲುತ್ತದೆ. ಎಫ್‌ಎಫ್ ಅಂತ ಹುಡುಕಿದರೆ ನಾಲ್ಕು ಅರ್ಥದಲ್ಲಿ ಮೂರು ಕಾಣುವುದೇ ಇಲ್ಲ. ಮತ್ತೆ ಅದೇ ಹಳೆಯ ತಪ್ಪು.

ಫಿಲ್ಟರ್ ಫಂಕ್ಷನ್ ಬಳಸಿ. ಮೊದಲು ಎಂಟನೇ ಕಾಲಂ ಮಾಡಿ, ಅದರಲ್ಲಿ ಪದ, ಬೇರೆ ರೂಪಗಳು, ಆಟ ಮೂರನ್ನೂ ನಡುವೆ ಜಾಗ ಬಿಟ್ಟು ‘ಆಂಡ್’ ಚಿಹ್ನೆಯಿಂದ (&) ಜೋಡಿಸಿ. ಆಮೇಲೆ ಹೊಸ ಟ್ಯಾಬ್‌ನಲ್ಲಿ ಮೇಲಿನ ಒಂದು ಸೆಲ್‌ಗೆ ಬಣ್ಣ ಹಾಕಿ, ಅದೇ ಹುಡುಕುವ ಸೆಲ್. ಅದರ ಕೆಳಗೆ ಫಿಲ್ಟರ್ ಬರೆಯಿರಿ. ಅದಕ್ಕೆ ಎರಡು ಸಂಗತಿ ಕೊಡಬೇಕು. ಮೊದಲನೆಯದು, ತೋರಿಸಬೇಕಾದ ಏಳು ಕಾಲಂ. ಎರಡನೆಯದು, ಷರತ್ತು. ಷರತ್ತಿನ ಜಾಗದಲ್ಲಿ ಸರ್ಚ್ ಫಂಕ್ಷನ್ ಇಡಿ, ಅದರೊಳಗೆ ಹುಡುಕುವ ಸೆಲ್ ಮೊದಲು, ಎಂಟನೇ ಕಾಲಂ ಆಮೇಲೆ. ಗೂಗಲ್ ಶೀಟ್ಸ್‌ನಲ್ಲಿ ಇಷ್ಟೇ ಸಾಕು. ಎಕ್ಸೆಲ್‌ನಲ್ಲಿ ಸರ್ಚ್ ಅನ್ನು ಇಸ್‌ನಂಬರ್ ಫಂಕ್ಷನ್‌ನೊಳಗೆ ಸುತ್ತಬೇಕು. ಎಕ್ಸೆಲ್ 2021, ಅದರ ನಂತರದ್ದು ಅಥವಾ 365 ಇರಬೇಕು, ಅದಕ್ಕಿಂತ ಹಳೆಯದರಲ್ಲಿ ಫಿಲ್ಟರ್ ಫಂಕ್ಷನ್ ಇಲ್ಲ.

ಸರ್ಚ್ ಬದಲು ಫೈಂಡ್ ಹಾಕಬೇಡಿ. ಫೈಂಡ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ, ಚಾಟ್‌ನಲ್ಲಿ ಅದನ್ನೆಲ್ಲಾ ಯಾರು ನೋಡುತ್ತಾರೆ? ಚಾಟ್‌ನಲ್ಲಿ ಬರೀ ಒಂದು ಪ್ರಶ್ನೆ ಚಿಹ್ನೆ ಹಾಕುವುದೂ ಒಂದು ಮಾತೇ, ‘ಏನಪ್ಪಾ ಇದು ಆಟ’ ಅಂತ ಚುಚ್ಚುವುದು. ಎಕ್ಸೆಲ್‌ನ ಸರ್ಚ್‌ಗೆ ಪ್ರಶ್ನೆ ಚಿಹ್ನೆ ಅಂದರೆ ಯಾವ ಅಕ್ಷರ ಬೇಕಾದರೂ ಆಗಬಹುದು ಅಂತ. ಹಾಗಾಗಿ ಎಲ್ಲಾ ಸಾಲೂ ಬಂದುಬಿಡುತ್ತದೆ. ‘ಪ್ರಶ್ನೆ ಚಿಹ್ನೆ’ ಅಂತಲೇ ಬರೆದಿಟ್ಟು ಅದನ್ನೇ ಹುಡುಕಿ.

ಈಗ ಪರೀಕ್ಷೆ. ಎಫ್‌ಎಫ್ ಹಾಕಿ, ನಾಲ್ಕು ಸಾಲು ಬರಬೇಕು. ಏಸ್ ಹಾಕಿ, ಎರಡು. ಕೂಲ್ಡೌನ್ ಹಾಕಿ, ಒಂದು. ಆಟದ ಹೆಸರು ಹಾಕಿದರೆ ಆ ಆಟದ ಪದಗಳೆಲ್ಲಾ ಬರಬೇಕು. ಹೊಸ ಆಟ ಶುರು ಮಾಡುವ ಮುಂಚೆ ಹೀಗೆ ಒಮ್ಮೆ ಕಣ್ಣಾಡಿಸಿದರೆ ತುಂಬಾ ಅನುಕೂಲ.

ಮೊದಲು ತುಂಬಬೇಕಾದ ಪದಗಳು

ಮೇಲೆ ಬಂದವನ್ನೆಲ್ಲಾ ಹಾಕಿ. ಅವುಗಳ ಜೊತೆ ಇವು. ಬಫ್ ಅಂದರೆ ಬಲ ಹೆಚ್ಚಿಸುವುದು. ನರ್ಫ್ ಅಂದರೆ ಬಲ ಕಡಿಮೆ ಮಾಡುವುದು. ನರ್ಫ್ ಮೆತ್ತಗಿನ ಫೋಮ್ ಗುಂಡು ಹಾರಿಸುವ ಆಟಿಕೆ ಗನ್‌ಗಳ ಬ್ರ್ಯಾಂಡ್, ಕತ್ತಿಯ ಏಟು ಫೋಮ್ ತಾಗಿದಷ್ಟು ಮೆತ್ತಗಾಯಿತು ಅಂದುಕೊಂಡರೆ ನೆನಪಿರುತ್ತದೆ. ಮಾಬ್ ಅಂದರೆ ಕಂಪ್ಯೂಟರ್ ನಡೆಸುವ ಶತ್ರು. ಇದು ‘ಮೊಬೈಲ್’ ಅನ್ನುವುದರ ತುಂಡು, ಅಂದರೆ ಓಡಾಡುವಂಥದ್ದು. ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಶುರು ಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಅನ್ನುವ ಅಕ್ಷರಗಳಷ್ಟೇ ಇದ್ದ ಆಟದ ಕಾಲದ ಪದ ಅದು. ಈಲೋ ಅಂದರೆ ಆಟಗಾರರ ಮಟ್ಟ ಅಳೆಯುವ ಅಂಕ. ಹಲವರು ಅದನ್ನು ಕಿರಿದು ಮಾಡಿದ ಪದ ಅಂತ ಮೂರೂ ಅಕ್ಷರ ದೊಡ್ಡದಾಗಿ ಬರೆಯುತ್ತಾರೆ. ಅದು ಚೆಸ್ ರೇಟಿಂಗ್ ರೂಪಿಸಿದ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾಡ್ ಈಲೋ ಅವರ ಹೆಸರು. ಸ್ಮರ್ಫ್ ಅಂದರೆ ಹೊಸ ಅಕೌಂಟ್ ಮಾಡಿಕೊಂಡು ಹೊಸಬರ ನಡುವೆ ಆಡುವ ಪಳಗಿದ ಆಟಗಾರ.

‘ಕೆಕ್’ ಅನ್ನೂ ಹಾಕಿ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಎರಡು ಪಕ್ಷದವರ ಮಾತು ಪರಸ್ಪರ ಅರ್ಥವಾಗದಂತೆ ಆಟವೇ ಕಲಸುತ್ತದೆ. ಹೋರ್ಡ್ ಕಡೆಯವರು ‘ಎಲ್‌ಓಎಲ್’ ಅಂತ ನಕ್ಕರೆ ಅಲಯನ್ಸ್ ಕಡೆಯವರಿಗೆ ಅದು ‘ಕೆಕ್’ ಅಂತ ಕಾಣುತ್ತಿತ್ತು. ಜನ ಅದನ್ನೇ ನಗುವಾಗಿ ಮಾಡಿಕೊಂಡರು. ನನಗೆ ಇಡೀ ಶೀಟ್‌ನಲ್ಲಿ ಇಷ್ಟದ ಸಾಲು ಇದು.

ಶೀಟ್ ಹಳಸದಂತೆ ನೋಡಿಕೊಳ್ಳಿ

ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದಾಗ ಆ ಆಟದ ಸಾಲುಗಳನ್ನು ಒಮ್ಮೆ ನೋಡಿ. ಪದದ ಅರ್ಥ ಹಾಗೇ ಇದ್ದರೂ ‘ನಾನೇನು ಮಾಡಬೇಕು’ ಬದಲಾಗಿರಬಹುದು. ತಾರೀಕಿನ ಕಾಲಂ ಇರುವುದೇ ಇದಕ್ಕೆ. ಪದ ಹಳೆಯದಾಯಿತು ಅಂತ ಅಳಿಸಬೇಡಿ, ಹಳೆಯ ಆಟಗಾರರು ಅದನ್ನೇ ಬಳಸುತ್ತಿರುತ್ತಾರೆ.

ಗೆಳೆಯರಿಗೆ ಹಂಚುವಾಗ ನೋಡಲು ಮಾತ್ರ ಅನುಮತಿ ಕೊಟ್ಟರೆ ಅವರಿಗೆ ಹುಡುಕುವ ಸೆಲ್‌ನಲ್ಲಿ ಟೈಪ್ ಮಾಡಲು ಆಗುವುದಿಲ್ಲ. ತಿದ್ದುವ ಅನುಮತಿ ಕೊಟ್ಟು, ಪದಗಳ ಟ್ಯಾಬ್ ಅನ್ನು ಪ್ರೊಟೆಕ್ಟ್ ಮಾಡಿ. ಹೊಸ ಪದ ಹಾಕಲು ‘ಗೊತ್ತಿಲ್ಲ’ ಅಂತ ಮೂರನೇ ಟ್ಯಾಬ್ ಬಿಡಿ, ಅಲ್ಲಿ ಯಾರು ಬೇಕಾದರೂ ಪೂರ್ತಿ ಸಾಲು ಮತ್ತು ಆಟದ ಹೆಸರು ಹಾಕಬಹುದು. ವಾರಕ್ಕೊಮ್ಮೆ ಅದನ್ನು ನೋಡಿ, ಅರ್ಥ ಸಿಕ್ಕಿದ್ದನ್ನು ಮುಖ್ಯ ಟ್ಯಾಬ್‌ಗೆ ಸಾಗಿಸಿ. ನಮ್ಮ ಶೀಟ್‌ನಲ್ಲಿ ‘ಗೊತ್ತಿಲ್ಲ’ ಟ್ಯಾಬ್‌ಗೆ ಅತಿ ಹೆಚ್ಚು ಸಾಲು ಹಾಕುವವನು ಈಗ ಅಕ್ಕನ ಮಗ. ಹೋದ ವಾರ ಅವನು ಹಾಕಿದ್ದರಲ್ಲಿ ಎರಡು ಸಾಲಿನ ಅರ್ಥವನ್ನು ಅವನೇ ಹುಡುಕಿ ಬರೆದಿದ್ದ, ‘ನಾನೇನು ಮಾಡಬೇಕು’ ಕಾಲಂ ಸಮೇತ.